ಟೈಮರ್ ನಿಲ್ಲಿಸಿದ ಮೇಲೂ ಕರ್ನಲ್ ಬೀಳುತ್ತಿದೆಯೇ? ರೇಸ್ ಹುಡುಕಿ ಸರಿಪಡಿಸುವ ಕ್ರಮ

"ಡ್ರೈವರ್ ಚೆನ್ನಾಗಿಯೇ ಓಡುತ್ತದೆ. ಆದರೆ ಮಾಡ್ಯೂಲ್ ತೆಗೆಯುವಾಗ ಯಾವಾಗಲೋ ಒಮ್ಮೆ ಕರ್ನಲ್ ಪ್ಯಾನಿಕ್ ಆಗುತ್ತದೆ. ಟೈಮರ್ ಡಿಲೀಟ್ ಮಾಡಿದ ಮೇಲೆಯೇ ಮೆಮೊರಿ ಫ್ರೀ ಮಾಡಿದ್ದೇನೆ. ತಪ್ಪು ಎಲ್ಲಿದೆ?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಬಾಗಲಕೋಟೆ, ವಿಜಯಪುರದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ಹೊತ್ತಿಗೆ ಕೇಳುತ್ತಾರೆ. ಇಲ್ಲೇ ಬೆಳಗಾವಿಯ ಉದ್ಯಮಬಾಗದಲ್ಲಿ ಯಂತ್ರಗಳಿಗೆ ಕಂಟ್ರೋಲ್ ಬೋರ್ಡ್ ಮಾಡುವ ಗೆಳೆಯರು ವರ್ಷವಿಡೀ ಕೇಳುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಪೂರ್ತಿ ಕ್ರಮವನ್ನು ಒಂದೇ ಕಡೆ ಇಡುತ್ತಿದ್ದೇನೆ. ಮಾತು ಲಿನಕ್ಸ್ ಕರ್ನಲ್ ಬಗ್ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ ಬಗ್ಗೆ. ಮಾಡ್ಯೂಲ್ ಎಂದರೆ ಓಡುತ್ತಿರುವ ಕರ್ನಲ್ಲಿಗೆ ಸೇರಿಸಿ ತೆಗೆಯಬಹುದಾದ ಕೋಡು, ಪ್ಯಾನಿಕ್ ಎಂದರೆ ಕರ್ನಲ್ ಕೆಟ್ಟು ಇಡೀ ಯಂತ್ರ ನಿಲ್ಲುವುದು. ಫಂಕ್ಷನ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಕೋಡಿನಲ್ಲಿ ಅವೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ.

ಮೊದಲು ಐದಾರು ಪದ

ಕರ್ನಲ್ ಟೈಮರ್ ಎಂದರೆ "ಇಷ್ಟು ಹೊತ್ತಾದ ಮೇಲೆ ಈ ಫಂಕ್ಷನ್ ಕರೆ" ಎಂದು ಕರ್ನಲ್‌ಗೆ ಹೇಳಿ ಇಡುವುದು. ಹಾಗೆ ಕರೆಸಿಕೊಳ್ಳುವ ಫಂಕ್ಷನ್ನಿಗೆ ಕಾಲ್‌ಬ್ಯಾಕ್ ಎನ್ನುತ್ತಾರೆ. ಕರ್ನಲ್ ಹೊತ್ತು ಎಣಿಸುವ ಚಿಕ್ಕ ಅಳತೆ ಜಿಫಿ. ಸಾಮಾನ್ಯವಾಗಿ ಸೆಕೆಂಡಿಗೆ 100, 250, 300 ಅಥವಾ 1000 ಜಿಫಿ, ಕರ್ನಲ್ ಕಟ್ಟುವಾಗ ಆರಿಸಿದಂತೆ. ಕಾಲ್‌ಬ್ಯಾಕ್ ಓಡುವುದು ಸಾಫ್ಟ್‌ಐಆರ್‌ಕ್ಯೂ ಎಂಬ ಸ್ಥಿತಿಯಲ್ಲಿ. ಅಂದರೆ ಯಾವುದೋ ಪ್ರೊಸೆಸ್ ಓಡುತ್ತಿರುವಾಗ ಅದನ್ನು ತಡೆದು ನಡುವೆ ನುಗ್ಗುವ ಕೆಲಸ. ಅಲ್ಲಿ ನಿದ್ದೆಗೆ ಹೋಗುವಂತಿಲ್ಲ. ಹಾಗಾಗಿ ಮ್ಯೂಟೆಕ್ಸ್ (ಸಿಗುವ ತನಕ ನಿದ್ದೆ ಮಾಡಿಸುವ ಬೀಗ) ಹಿಡಿಯುವಂತಿಲ್ಲ, ಕಾಯಬೇಕಾಗುವ ಮೆಮೊರಿ ಕೇಳುವಂತಿಲ್ಲ. ಹಿಡಿಯಬಹುದಾದದ್ದು ಸ್ಪಿನ್‌ಲಾಕ್, ಅಂದರೆ ಸಿಗುವ ತನಕ ಸಿಪಿಯು ಸುಮ್ನೆ ಸುತ್ತುತ್ತಾ ಕಾಯುವ ಬೀಗ. ಇನ್ನು ರೇಸ್. ಎರಡು ಸಿಪಿಯುಗಳು ಒಂದೇ ವಸ್ತುವಿನ ಮೇಲೆ ಕೈ ಹಾಕಿ, ಯಾರು ಮೊದಲು ಎಂಬುದರ ಮೇಲೆ ಫಲ ಬದಲಾಗುವುದೇ ರೇಸ್.

ಹೊಲದ ಮೋಟಾರು ನೆನಪಿಸಿಕೊಳ್ಳಿ

ಮುಧೋಳದ ಕಬ್ಬಿನ ಹೊಲವಿರಲಿ, ಇಂಡಿ ಕಡೆಯ ನಿಂಬೆ ತೋಟವಿರಲಿ, ಬೋರ್‌ವೆಲ್ ಮೋಟಾರಿಗೆ ಆಟೋ ಸ್ಟಾರ್ಟರ್ ಇರುತ್ತದೆ. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಮೋಟಾರು ತಾನೇ ಶುರುವಾಗುತ್ತದೆ. ಈಗ ಮೋಟಾರು ಬಿಚ್ಚಿ ರಿಪೇರಿ ಮಾಡಬೇಕು. ಕೈ ಹಾಕುವ ಮೊದಲು ಮೂರು ವಿಷಯ ಖಾತ್ರಿ ಆಗಬೇಕು. ಆಟೋ ಆನ್ ಆಗಿ ಕರೆಂಟಿಗಾಗಿ ಕಾಯುತ್ತಿದೆಯೇ? ಮೋಟಾರು ಈಗ ತಿರುಗುತ್ತಿದೆಯೇ? ನೀವು ಬಿಚ್ಚುತ್ತಿರುವಾಗ ಬೇರೆ ಯಾರಾದರೂ ಬಂದು ಮತ್ತೆ ಸ್ವಿಚ್ ಹಾಕಬಹುದೇ? ಮೂರನೆಯದಕ್ಕಾಗಿಯೇ ಹಳಬರು ಫ್ಯೂಜ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ.

ಟೈಮರ್‌ಗೂ ಇದೇ ಮೂರು ಪ್ರಶ್ನೆ. ಪಾಳಿಯಲ್ಲಿ ಕಾಯುತ್ತಿದೆಯೇ, ಈಗ ಓಡುತ್ತಿದೆಯೇ, ಮತ್ತೆ ಯಾರಾದರೂ ಹಚ್ಚಬಹುದೇ. ನಾನು ನೋಡಿದ ಟೈಮರ್ ರೇಸ್‌ಗಳಲ್ಲಿ ಹೆಚ್ಚಿನವು ಇವುಗಳಲ್ಲಿ ಒಂದಕ್ಕೆ ಉತ್ತರ ಕೊಡದೇ ಬಿಟ್ಟಿದ್ದರಿಂದ ಬಂದವು. ಡಿಲೇ ಸೇರಿಸಿ ಮುಚ್ಚುವ ತಪ್ಪಲ್ಲ ಇದು. ಯಾವ ಪ್ರಶ್ನೆ ಬಿಟ್ಟು ಹೋಗಿದೆ ಎಂದು ಹುಡುಕಿದರೆ ಮಾತ್ರ ಸರಿಹೋಗುತ್ತದೆ.

ಬೇಕಾಗುವುದು

ನಾಲ್ಕು ಕೋರ್‌ನ ಯಾವುದೇ ಕಂಪ್ಯೂಟರ್, ಕರ್ನಲ್ ಸೋರ್ಸ್, ಮತ್ತು ಕ್ಯೂಎಂಯು. ಕ್ಯೂಎಂಯು ಎಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ. ಬೀಳುವ ಕರ್ನಲ್ಲನ್ನು ನಿಮ್ಮ ಕೆಲಸದ ಯಂತ್ರದಲ್ಲೇ ಓಡಿಸಬೇಡಿ, ಫೈಲ್ ಸಿಸ್ಟಮ್ ಹಾಳಾದರೆ ಅಳಬೇಕಾಗುತ್ತದೆ.

ಕರ್ನಲ್ ಕಾನ್ಫಿಗ್‌ನಲ್ಲಿ ಇವು ಆನ್ ಇರಲಿ: ಕೆಎಎಸ್‌ಎಎನ್, ಪ್ರೂವ್ ಲಾಕಿಂಗ್, ಡೀಬಗ್ ಆಬ್ಜೆಕ್ಟ್ಸ್ ಮತ್ತು ಅದರೊಳಗಿನ ಟೈಮರ್ಸ್ ಹಾಗೂ ಫ್ರೀ ಎಂಬ ಎರಡು ಆಯ್ಕೆ, ಡೀಬಗ್ ಅಟಾಮಿಕ್ ಸ್ಲೀಪ್. ಪ್ರೂವ್ ಲಾಕಿಂಗ್ ಬೀಗ ಹಿಡಿಯುವ ಕ್ರಮದ ತಪ್ಪನ್ನು, ಡೀಬಗ್ ಆಬ್ಜೆಕ್ಟ್ಸ್ ಟೈಮರಿನಂಥ ವಸ್ತುಗಳ ತಪ್ಪು ಬಳಕೆಯನ್ನು, ಡೀಬಗ್ ಅಟಾಮಿಕ್ ಸ್ಲೀಪ್ ನಿದ್ದೆ ಮಾಡಬಾರದ ಕಡೆ ಮಾಡುವ ನಿದ್ದೆಯನ್ನು ಹಿಡಿಯುತ್ತದೆ. ಫ್ರೀ ಆದ ಮೆಮೊರಿಯನ್ನು ಯಾರಾದರೂ ಮುಟ್ಟಿದರೆ ಹಿಡಿಯುವುದು ಕೆಎಎಸ್‌ಎಎನ್. ಅದರ ಸಾಮಾನ್ಯ ರೂಪಕ್ಕೆ ಮೆಮೊರಿಯ ಎಂಟರಲ್ಲಿ ಒಂದು ಭಾಗ ಬೇಕು, ಹಾಗಾಗಿ ಕ್ಯೂಎಂಯುಗೆ 2 ಜಿಬಿಯಾದರೂ ಕೊಡಿ. ಕೆಸಿಎಸ್‌ಎಎನ್ ಎಂಬ ಇನ್ನೊಂದು ಸಾಧನ ಬೀಗವಿಲ್ಲದೆ ಎರಡು ಸಿಪಿಯು ಒಂದೇ ಜಾಗ ಮುಟ್ಟುವುದನ್ನು ಹಿಡಿಯುತ್ತದೆ. ಆದರೆ ಇವೆರಡೂ ಒಂದೇ ಕರ್ನಲ್‌ನಲ್ಲಿ ಕೂಡುವುದಿಲ್ಲ. ಅದಕ್ಕೆ ಬೇರೆ ಬಿಲ್ಡ್ ಮಾಡಬೇಕು.

ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ. ಹಳೇ ನೋಟ್ಸ್‌ನಲ್ಲಿರುವ ಸೆಟಪ್_ಟೈಮರ್ 4.15ರಲ್ಲೇ ಹೋಯಿತು, ಈಗ ಇರುವುದು ಟೈಮರ್_ಸೆಟಪ್. ಡೆಲ್_ಟೈಮರ್_ಸಿಂಕ್‌ಗೆ 6.2ರಲ್ಲಿ ಟೈಮರ್_ಡಿಲೀಟ್_ಸಿಂಕ್ ಎಂಬ ಹೊಸ ಹೆಸರು ಬಂತು, 6.15ರಲ್ಲಿ ಹಳೇ ಹೆಸರು ಪೂರ್ತಿ ಹೋಯಿತು. ನಾನು ಹೊಸ ಹೆಸರನ್ನೇ ಬಳಸುತ್ತೇನೆ. ನಿಮ್ಮ ಬೋರ್ಡಿನಲ್ಲಿ ಹಳೇ ಕರ್ನಲ್ ಇದ್ದರೆ ಹಳೇ ಹೆಸರು ಹಾಕಿಕೊಳ್ಳಿ. ಹೆಸರು ಬದಲಾದರೂ ಪ್ರತಿ ಫಂಕ್ಷನ್ ಮಾಡುವ ಕೆಲಸ ಮೊದಲಿನದೇ.

1. ತಪ್ಪು ಬೇಕೆಂದಾಗ ಬರುವಂತೆ ಮಾಡಿ

ಕ್ಯೂಎಂಯುಗೆ ನಾಲ್ಕು ಸಿಪಿಯು ಕೊಡಿ. ಒಂದೇ ಸಿಪಿಯು ಇದ್ದರೆ ಸಾಮಾನ್ಯ ಕರ್ನಲ್‌ನಲ್ಲಿ ಈ ರೇಸ್ ಕಾಣುವುದೇ ಇಲ್ಲ. ಕಾಲ್‌ಬ್ಯಾಕ್ ಶುರುವಾದರೆ ಮುಗಿಯುವವರೆಗೂ ಆ ಸಿಪಿಯು ನಿಮ್ಮ ಪ್ರೊಸೆಸ್ ಕಡೆ ತಿರುಗುವುದಿಲ್ಲ. ಹಾಗಾಗಿ ಅರ್ಧ ಓಡಿದ ಕಾಲ್‌ಬ್ಯಾಕ್ ನಿಮ್ಮ ಡಿಲೀಟ್ ಕೋಡಿಗೆ ಎದುರಾಗುವುದೇ ಇಲ್ಲ. ಎರಡನೇ ಸಿಪಿಯು ಬಂದ ದಿನವೇ ತೊಂದರೆ ಶುರು. ಲ್ಯಾಪ್‌ಟಾಪಿನ ಒಂದು ಕೋರ್‌ನ ವಿಎಂನಲ್ಲಿ (ಕ್ಯೂಎಂಯು ಥರ ಒಳಗೆ ಓಡುವ ಕಂಪ್ಯೂಟರ್) ಪರೀಕ್ಷೆ ಮಾಡಿ, ನಾಲ್ಕು ಕೋರ್‌ನ ಬೋರ್ಡಿಗೆ ಹಾಕಿದಾಗ ಬೀಳುವುದು ಇದರಿಂದಲೇ.

ಈಗ ಕಾಲ್‌ಬ್ಯಾಕಿನ ಮೊದಲ ಸಾಲಿನಲ್ಲಿ ಎಂಡಿಲೇ ಹಾಕಿ 50 ಮಿಲಿಸೆಕೆಂಡ್ ತಡ ಮಾಡಿಸಿ. ಇದು ಪರೀಕ್ಷೆಗೆ ಮಾತ್ರ. ಕೆಲವೇ ಮೈಕ್ರೋಸೆಕೆಂಡಿನ ಕಿಂಡಿಯನ್ನು ನೀವು 50 ಮಿಲಿಸೆಕೆಂಡಿನ ಬಾಗಿಲು ಮಾಡಿದಿರಿ. ಮಾಡ್ಯೂಲ್ ಹಾಕಿ ತೆಗೆಯುವ ಒಂದು ಶೆಲ್ ಲೂಪ್ ಬರೆದು ಬಿಡಿ. ತಿಂಗಳಿಗೊಮ್ಮೆ ಬರುತ್ತಿದ್ದ ಪ್ಯಾನಿಕ್ ಕೆಲವು ನಿಮಿಷದಲ್ಲೇ ಕಾಣಿಸಿಕೊಂಡರೆ ಆಶ್ಚರ್ಯಪಡಬೇಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಕಾಲ್‌ಬ್ಯಾಕ್ ತುಂಬಾ ಪ್ರಿಂಟ್‌ಕೆ (ಕರ್ನಲ್ ಲಾಗಿಗೆ ಬರೆಯುವ ಫಂಕ್ಷನ್) ತುಂಬುವುದು. ಸೀರಿಯಲ್ ಕನ್ಸೋಲಿಗೆ ಬರೆಯುವುದು ಬಹಳ ನಿಧಾನದ ಕೆಲಸ. ಅದರಿಂದ ಹೊತ್ತಿನ ಲೆಕ್ಕವೇ ಬದಲಾಗಿ ರೇಸ್ ಮಾಯವಾಗುತ್ತದೆ. ಆಮೇಲೆ "ಪ್ರಿಂಟ್ ಹಾಕಿದರೆ ಸರಿ, ತೆಗೆದರೆ ಬೀಳುತ್ತದೆ" ಎಂಬ ಪತ್ರ ನನಗೆ ಬರುತ್ತದೆ. ಬದಲಿಗೆ ಟ್ರೇಸ್_ಪ್ರಿಂಟ್‌ಕೆ ಬಳಸಿ, ಅದು ಮೆಮೊರಿಯಲ್ಲೇ ಬರೆದಿಡುತ್ತದೆ. ಟೈಮರ್ ಹಚ್ಚಿದ್ದು, ಶುರುವಾದದ್ದು, ಮುಗಿದದ್ದು, ರದ್ದಾದದ್ದು ಎಲ್ಲದಕ್ಕೂ ಎಫ್‌ಟ್ರೇಸ್ ಎಂಬ ಕರ್ನಲ್ಲಿನ ದಾಖಲೆ ಸಾಧನದಲ್ಲಿ ಸಿದ್ಧ ಟ್ರೇಸ್ ಈವೆಂಟ್‌ಗಳಿವೆ, ಅವನ್ನೂ ಆನ್ ಮಾಡಿ. ಯಾವ ಸಿಪಿಯುನಲ್ಲಿ ಎಂಬುದೂ ಜೊತೆಗೇ ಕಾಣುತ್ತದೆ.

2. ಲಾಗ್ ಓದಿ, ಯಾವ ಪ್ರಶ್ನೆ ತಪ್ಪಿದೆ ಎಂದು ಗುರುತಿಸಿ

ಈ ಹಂತದಲ್ಲಿ ಅವಸರ ಬೇಡ. ಲಾಗಿನ ಮೊದಲ ದೂರು ಮಾತ್ರ ನೋಡಿ. ಅದರ ಕೆಳಗಿನವು ಹೆಚ್ಚಾಗಿ ಮೊದಲನೆಯದರ ಪೆಟ್ಟಿಗೆ ಆದ ಗಾಯಗಳು.

ಡೀಬಗ್ ಆಬ್ಜೆಕ್ಟ್ಸ್ "ಫ್ರೀ ಆಕ್ಟಿವ್" ಎಂದು ಟೈಮರ್_ಲಿಸ್ಟ್ ಹೆಸರು ಹೇಳಿದರೆ, ಟೈಮರ್ ಇನ್ನೂ ಪಾಳಿಯಲ್ಲಿ ಕಾಯುತ್ತಿರುವಾಗಲೇ ನೀವು ಮೆಮೊರಿ ಬಿಟ್ಟಿದ್ದೀರಿ. ಅಂದರೆ ಡಿಲೀಟ್ ಮಾಡಲೇ ಇಲ್ಲ, ಇಲ್ಲವೇ ಮಾಡಿದ ಮೇಲೆ ಯಾರೋ ಮತ್ತೆ ಹಚ್ಚಿದ್ದಾರೆ. ಕೆಎಎಸ್‌ಎಎನ್ ಮಾತ್ರ ಕೂಗಿ, ಡೀಬಗ್ ಆಬ್ಜೆಕ್ಟ್ಸ್ ಸುಮ್ಮನಿದ್ದರೆ, ಹೆಚ್ಚಾಗಿ ಅದು ಓಡುತ್ತಿದ್ದ ಕಾಲ್‌ಬ್ಯಾಕ್. ಓಡಲು ಶುರುವಾದ ಕೂಡಲೇ ಟೈಮರ್ ಪಾಳಿಯಿಂದ ಹೊರಗೆ ಬಂದಿರುತ್ತದೆ. ಹಾಗಾಗಿ ಡೀಬಗ್ ಆಬ್ಜೆಕ್ಟ್ಸ್ ಕಣ್ಣಿಗೆ ಅದು ನಿಂತ ಟೈಮರ್. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಕೆಎಎಸ್‌ಎಎನ್ ಮೂರು ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಕೊಡುತ್ತದೆ: ಮುಟ್ಟಿದವರು, ಮೆಮೊರಿ ಪಡೆದವರು, ಫ್ರೀ ಮಾಡಿದವರು. ಮೊದಲನೆಯದರಲ್ಲಿ ಕಾಲ್_ಟೈಮರ್_ಎಫ್‌ಎನ್ (ಕಾಲ್‌ಬ್ಯಾಕನ್ನು ಕರೆಯುವ ಕರ್ನಲ್ ಫಂಕ್ಷನ್), ಮೂರನೆಯದರಲ್ಲಿ ನಿಮ್ಮ ರಿಮೂವ್ ಫಂಕ್ಷನ್ (ಡ್ರೈವರ್ ತೆಗೆಯುವಾಗ ಓಡುವುದು) ಕಂಡರೆ ಕಳ್ಳ ಸಿಕ್ಕಂತೆ. ಲಾಗಿನಲ್ಲಿ "ಇನ್‌ಕನ್ಸಿಸ್ಟೆಂಟ್ ಲಾಕ್ ಸ್ಟೇಟ್" ಅಥವಾ "ಪಾಸಿಬಲ್ ಸರ್ಕ್ಯುಲರ್ ಲಾಕಿಂಗ್" ಎಂದಿದ್ದರೆ ನೇರವಾಗಿ 5ನೇ ಹಂತಕ್ಕೆ ಹೋಗಿ.

3. ಹಾಳೆ ತೆಗೆದುಕೊಂಡು ಬರೆಯಿರಿ

ನಿಜವಾದ ಹಾಳೆ, ಪೆನ್ನು. ಈ ಟೈಮರ್ ಹಚ್ಚುವ ಜಾಗಗಳು ಎಷ್ಟು? ನಿಲ್ಲಿಸುವುದು ಎಲ್ಲಿ? ಮೆಮೊರಿ ಬಿಡುವುದು ಎಲ್ಲಿ? ಪ್ರತಿ ಜಾಗದಲ್ಲೂ ಯಾವ ಬೀಗ ಕೈಯಲ್ಲಿರುತ್ತದೆ? ಹಚ್ಚುವ ಜಾಗಗಳನ್ನು ಗ್ರೆಪ್ ಮಾಡಿ (ಕೋಡಿನಲ್ಲಿ ಹೆಸರು ಹುಡುಕಿ) ಎಣಿಸಿ, ನೆನಪಿನಿಂದ ಬರೆಯಬೇಡಿ. ಪಕ್ಕದಲ್ಲಿ ಸಿಪಿಯು 0, ಸಿಪಿಯು 1 ಎಂದು ಎರಡು ಸಾಲು ಎಳೆದು, ಲಾಗಿನ ಪ್ರಕಾರ ಯಾವುದರ ನಂತರ ಯಾವುದು ನಡೆಯಿತು ಎಂದು ಬರೆಯಿರಿ. ಈ ಹಾಳೆ ಕೊನೆಗೆ ಮತ್ತೆ ಬೇಕಾಗುತ್ತದೆ, ಬಿಸಾಡಬೇಡಿ.

4. ಡಿಲೀಟ್‌ಗೂ ಡಿಲೀಟ್ ಸಿಂಕ್‌ಗೂ ಇರುವ ಅಂತರ

ಟೈಮರ್_ಡಿಲೀಟ್ ಮಾಡುವುದು ಒಂದೇ ಕೆಲಸ, ಪಾಳಿಯಿಂದ ತೆಗೆಯುವುದು. ಆಟೋ ಸ್ವಿಚ್ ಆಫ್ ಮಾಡಿದ ಹಾಗೆ. ಮೋಟಾರು ಆಗಲೇ ತಿರುಗುತ್ತಿದ್ದರೆ ಅದಕ್ಕೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಸಿಪಿಯು 1ರಲ್ಲಿ ಕಾಲ್‌ಬ್ಯಾಕ್ ಅರ್ಧ ಓಡಿದೆ. ಸಿಪಿಯು 0 ಡಿಲೀಟ್ ಕರೆಯುತ್ತದೆ, ಸೊನ್ನೆ (ಪಾಳಿಯಲ್ಲಿ ಇರಲಿಲ್ಲ ಎಂದು) ಪಡೆಯುತ್ತದೆ, ಮುಂದೆ ಹೋಗಿ ಮೆಮೊರಿ ಫ್ರೀ ಮಾಡುತ್ತದೆ. ಸಿಪಿಯು 1 ಆ ಮೆಮೊರಿಗೇ ಬರೆಯುತ್ತದೆ. ಲೇಖನದ ಮೊದಲಿನ ಪ್ರಶ್ನೆಗೆ ಉತ್ತರ ಇದೇ.

ಟೈಮರ್_ಡಿಲೀಟ್_ಸಿಂಕ್ ಪಾಳಿಯಿಂದ ತೆಗೆದು, ಓಡುತ್ತಿದ್ದರೆ ಮುಗಿಯುವವರೆಗೂ ಕಾಯುತ್ತದೆ. ಹೇಗೆ ಗೊತ್ತಾಗುತ್ತದೆ ಎಂದು ಕೇಳುವವರಿಗೆ ಒಂದು ಮಾತು. ಪ್ರತಿ ಸಿಪಿಯುಗೂ ತನ್ನದೇ ಟೈಮರ್ ಪಟ್ಟಿಗಳಿವೆ. ಪಟ್ಟಿಯ ತಲೆಯಲ್ಲಿ "ಈಗ ಓಡುತ್ತಿರುವ ಟೈಮರ್ ಇದು" ಎಂದು ಒಂದು ಗುರುತು ಇರುತ್ತದೆ. ಸಿಂಕ್ ಆ ಗುರುತನ್ನು ನೋಡುತ್ತದೆ. ನಿಮ್ಮ ಟೈಮರ್ ಅಲ್ಲಿದ್ದರೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಓಡುತ್ತಿರುವ ಟೈಮರನ್ನು ಬೇರೆ ಸಿಪಿಯುನಿಂದ ಮಾಡ್_ಟೈಮರ್ (ಟೈಮರ್ ಹಚ್ಚುವ ಫಂಕ್ಷನ್) ಮೂಲಕ ಹಚ್ಚಿದರೂ ಕರ್ನಲ್ ಅದನ್ನು ಹಳೇ ಪಟ್ಟಿಯಲ್ಲೇ ಇಡುತ್ತದೆ. ಈ ಗುರುತು ಸುಳ್ಳಾಗಬಾರದು ಎಂಬುದೇ ಅದಕ್ಕೆ ಕಾರಣ. ಇದರಿಂದ ನಿಮಗೊಂದು ಲಾಭವಿದೆ: ಒಂದೇ ಟೈಮರಿನ ಕಾಲ್‌ಬ್ಯಾಕ್ ಎರಡು ಸಿಪಿಯುನಲ್ಲಿ ಒಟ್ಟಿಗೇ ಓಡುವುದಿಲ್ಲ. ಕಾಲ್‌ಬ್ಯಾಕ್ ತನ್ನದೇ ಇನ್ನೊಂದು ಓಟಕ್ಕೆ ಡಿಕ್ಕಿ ಹೊಡೆಯದಂತೆ ಬೀಗ ಹಾಕುವ ಅಗತ್ಯವಿಲ್ಲ.

ಹಾಗಂತ ಎಲ್ಲ ಕಡೆ ಸಿಂಕ್ ಅಂಟಿಸಬೇಡಿ. ಕಾಲ್‌ಬ್ಯಾಕ್ ಒಳಗಿಂದಲೇ ತನ್ನ ಟೈಮರಿಗೆ ಸಿಂಕ್ ಕರೆದರೆ ತನ್ನನ್ನೇ ತಾನು ಕಾಯುತ್ತಾ ಕೂರುತ್ತದೆ. ಹಾರ್ಡ್‌ವೇರ್ ಇಂಟರಪ್ಟ್ ಹ್ಯಾಂಡ್ಲರ್ (ಹಾರ್ಡ್‌ವೇರ್ ಸಿಪಿಯುವನ್ನು ತಡೆದು ಕರೆದಾಗ ಓಡುವ ಫಂಕ್ಷನ್) ಒಳಗಿಂದಲೂ ಕರೆಯುವಂತಿಲ್ಲ.

5. ಬೀಗ ಹಿಡಿದು ಕಾಯಬೇಡಿ

ಸಿಂಕ್ ಹಾಕಿದ ಮೇಲೆ ಪ್ಯಾನಿಕ್ ನಿಂತು, ಯಂತ್ರವೇ ಹ್ಯಾಂಗ್ ಆಗಲು ಶುರುವಾಯಿತು ಎನ್ನುವವರು ಬಹಳ. ನಡೆಯುವುದು ಇಷ್ಟು. ಸಿಪಿಯು 0 ಸ್ಪಿನ್‌ಲಾಕ್ ಹಿಡಿದು ಸಿಂಕ್ ಕರೆದಿದೆ, ಕಾಲ್‌ಬ್ಯಾಕ್ ಮುಗಿಯಲಿ ಎಂದು ಕಾಯುತ್ತಿದೆ. ಸಿಪಿಯು 1ರ ಕಾಲ್‌ಬ್ಯಾಕ್ ಅದೇ ಸ್ಪಿನ್‌ಲಾಕ್ ಸಿಗಲಿ ಎಂದು ಸುತ್ತುತ್ತಿದೆ. ನೀ ಬಿಡು, ನೀ ಬಿಡು. ಯಾರೂ ಬಿಡುವುದಿಲ್ಲ.

ಪರಿಹಾರ: ಬೀಗ ಹಿಡಿದು "ನಿಲ್ಲುತ್ತಿದ್ದೇನೆ" ಎಂಬ ಒಂದು ಗುರುತನ್ನು ನಿಮ್ಮ ಸ್ಟ್ರಕ್ಟ್‌ನಲ್ಲಿ ಬರೆಯಿರಿ, ಬೀಗ ಬಿಡಿ, ಆಮೇಲೆ ಸಿಂಕ್ ಕರೆಯಿರಿ. ಕಾಲ್‌ಬ್ಯಾಕ್ ಬೀಗ ಹಿಡಿದು ಮೊದಲು ಆ ಗುರುತು ನೋಡಲಿ, ಇದ್ದರೆ ಏನೂ ಮಾಡದೆ ಹೊರಬರಲಿ. ಗುರುತನ್ನು ಬೀಗವಿಲ್ಲದೆ ಓದಬೇಡಿ. ಓದಿದ ಮರುಕ್ಷಣವೇ ಅದು ಬದಲಾಗಬಹುದು.

ಇದರ ಅಕ್ಕಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. ಪ್ರೊಸೆಸ್ ಕೋಡಿನಲ್ಲಿ ಬರೀ ಸ್ಪಿನ್_ಲಾಕ್ ಹಿಡಿದಿದ್ದೀರಿ. ಅದೇ ಸಿಪಿಯುನಲ್ಲಿ ಟೈಮರ್ ನುಗ್ಗಿ, ಕಾಲ್‌ಬ್ಯಾಕ್ ಅದೇ ಬೀಗ ಕೇಳುತ್ತದೆ. ಬೀಗ ಹಿಡಿದವನನ್ನು ಕೆಳಗೆ ತಳ್ಳಿ, ಅವನ ಮೇಲೆಯೇ ಕೂತು, "ಬೀಗ ಕೊಡು" ಎಂದಂತೆ. ಇದಕ್ಕೆ ಎರಡನೇ ಸಿಪಿಯು ಕೂಡ ಬೇಡ. ಪ್ರೊಸೆಸ್ ಕಡೆ ಸ್ಪಿನ್_ಲಾಕ್_ಬಿಎಚ್ ಬಳಸಿ, ಅದು ಬೀಗ ಇರುವಷ್ಟು ಹೊತ್ತು ಸಾಫ್ಟ್‌ಐಆರ್‌ಕ್ಯೂ ತಡೆಯುತ್ತದೆ. ಕಾಲ್‌ಬ್ಯಾಕ್ ಒಳಗೆ ಬರೀ ಸ್ಪಿನ್_ಲಾಕ್ ಸಾಕು. ಅದೇ ಬೀಗವನ್ನು ಇಂಟರಪ್ಟ್ ಹ್ಯಾಂಡ್ಲರ್ ಕೂಡ ಹಿಡಿಯುವುದಿದ್ದರೆ ಆಗ ಎಲ್ಲ ಕಡೆ ಐಆರ್‌ಕ್ಯೂಸೇವ್ ರೂಪ (ಇಂಟರಪ್ಟನ್ನೂ ತಡೆಯುವುದು) ಬೇಕು.

ಪ್ರೂವ್ ಲಾಕಿಂಗ್ ಆನ್ ಇದ್ದರೆ ಇವೆರಡನ್ನೂ ಹ್ಯಾಂಗ್ ಆಗುವ ಮೊದಲೇ ಹೇಳುತ್ತದೆ. ಆ ಎರಡು ದಾರಿಗಳಲ್ಲೂ ಕೋಡ್ ಒಂದೊಂದು ಸಲ ಓಡಿದ್ದರೆ ಸಾಕು, ಒಟ್ಟಿಗೇ ಓಡಬೇಕೆಂದೇನಿಲ್ಲ. ಕರ್ನಲ್ಲಿನ ಸಾಧನಗಳಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಇದರ ಮೇಲೆ.

6. ಮತ್ತೆ ಹಚ್ಚುವವರನ್ನು ಮೊದಲು ನಿಲ್ಲಿಸಿ

ಕಾಲ್‌ಬ್ಯಾಕ್ ತನ್ನನ್ನು ತಾನೇ ಮತ್ತೆ ಹಚ್ಚಿಕೊಳ್ಳುತ್ತಿದ್ದರೆ ಚಿಂತೆಯಿಲ್ಲ, ಡಿಲೀಟ್ ಸಿಂಕ್ ಅದನ್ನು ನೋಡಿಕೊಳ್ಳುತ್ತದೆ. ತೊಂದರೆ ಹೊರಗಿನವರದು. ಇಂಟರಪ್ಟ್ ಹ್ಯಾಂಡ್ಲರ್ ಹಚ್ಚುತ್ತದೆ, ಐಆಕ್ಟಲ್ (ಬಳಕೆದಾರರ ಪ್ರೋಗ್ರಾಂ ಡ್ರೈವರಿಗೆ ಕೊಡುವ ಆಜ್ಞೆ) ಹಚ್ಚುತ್ತದೆ, ವರ್ಕ್‌ಕ್ಯೂ ಹಚ್ಚುತ್ತದೆ. ವರ್ಕ್‌ಕ್ಯೂ ಎಂದರೆ ನಿದ್ದೆ ಮಾಡಬಹುದಾದ ಕೆಲಸಗಳನ್ನು ಬೇರೆ ಥ್ರೆಡ್‌ಗೆ ವಹಿಸುವ ಪಾಳಿ. ಸಿಂಕ್ ವಾಪಸ್ ಬಂದ ಮರುಕ್ಷಣ ಇವರಲ್ಲಿ ಒಬ್ಬರು ಮಾಡ್_ಟೈಮರ್ ಕರೆದರೆ ಕಥೆ ಮೊದಲಿಗೇ ಬಂತು.

ಹಾಳೆಯಲ್ಲಿ ಬರೆದ "ಹಚ್ಚುವ ಜಾಗ"ಗಳನ್ನು ನೋಡಿ. ರಿಮೂವ್ ಫಂಕ್ಷನ್ನಿನಲ್ಲಿ ಮೊದಲು ಬಳಕೆದಾರರ ಬಾಗಿಲು ಮುಚ್ಚಿ, ಅಂದರೆ ಡಿವೈಸ್ ನೋಡ್ ತೆಗೆಯಿರಿ. ಆಗಲೇ ತೆರೆದಿಟ್ಟುಕೊಂಡವರ ಐಆಕ್ಟಲ್ ಮುಂದುವರಿಯುತ್ತದೆ ಎಂಬುದು ನೆನಪಿರಲಿ, ಅದಕ್ಕೂ 5ನೇ ಹಂತದ ಗುರುತು ಬೇಕು. ಆಮೇಲೆ ಹಾರ್ಡ್‌ವೇರ್ ಇಂಟರಪ್ಟ್ ನಿಲ್ಲಿಸಿ ಫ್ರೀ_ಐಆರ್‌ಕ್ಯೂ ಮಾಡಿ. ಆಮೇಲೆ ಟೈಮರ್.

ಟೈಮರ್ ವರ್ಕ್ ಹಚ್ಚುತ್ತದೆ, ವರ್ಕ್ ಟೈಮರ್ ಹಚ್ಚುತ್ತದೆ ಎಂಬ ಸುತ್ತು ಇದ್ದರೆ ಯಾವುದನ್ನು ಮೊದಲು ನಿಲ್ಲಿಸಿದರೂ ಇನ್ನೊಂದು ಅದನ್ನು ಎಬ್ಬಿಸುತ್ತದೆ. ವರ್ಷಗಟ್ಟಲೆ ಡ್ರೈವರ್‌ಗಳು ಇದಕ್ಕೆ ತಮ್ಮದೇ ಗುರುತು, ತಮ್ಮದೇ ಲೂಪ್ ಬರೆದುಕೊಂಡು ಒದ್ದಾಡಿದವು. 6.2ರಲ್ಲಿ ಟೈಮರ್_ಶಟ್‌ಡೌನ್_ಸಿಂಕ್ ಬಂದದ್ದು ಇದಕ್ಕೇ. ಇದೇ ಜೇಬಿನಲ್ಲಿಟ್ಟ ಫ್ಯೂಜ್. ಪಾಳಿಯಿಂದ ತೆಗೆಯುತ್ತದೆ, ಓಡುತ್ತಿದ್ದರೆ ಕಾಯುತ್ತದೆ, ಆಮೇಲೆ ಯಾರು ಮಾಡ್_ಟೈಮರ್ ಕರೆದರೂ ಸದ್ದಿಲ್ಲದೆ ಕಡೆಗಣಿಸುತ್ತದೆ. ಕ್ರಮ ಹೀಗಿರಲಿ: ಮೊದಲು ಟೈಮರ್ ಶಟ್‌ಡೌನ್ ಸಿಂಕ್, ನಂತರ ಕ್ಯಾನ್ಸಲ್_ವರ್ಕ್_ಸಿಂಕ್, ಕೊನೆಗೆ ಮೆಮೊರಿ.

ಎಚ್ಚರ: ಇದನ್ನು ಸಸ್ಪೆಂಡ್ ದಾರಿಯಲ್ಲಿ ಹಾಕಬೇಡಿ. ಯಂತ್ರ ಎದ್ದ ಮೇಲೆ ನಿಮ್ಮ ಟೈಮರ್ ಏಳುವುದಿಲ್ಲ, ದೂರು ಕೂಡ ಕೊಡುವುದಿಲ್ಲ. ಮತ್ತೆ ಬೇಕೆಂದರೆ ಟೈಮರ್_ಸೆಟಪ್‌ನಿಂದಲೇ ಶುರು ಮಾಡಬೇಕು. ಅಲ್ಲಿಗೆ ಡಿಲೀಟ್ ಸಿಂಕ್ ಸರಿ.

7. "ಕಾಯುತ್ತಿದೆಯೇ ನೋಡಿ, ಇಲ್ಲದಿದ್ದರೆ ಹಚ್ಚು" ಎಂದು ಬರೆಯಬೇಡಿ

ಟೈಮರ್_ಪೆಂಡಿಂಗ್ ನೋಡಿ ಆಮೇಲೆ ಆ್ಯಡ್_ಟೈಮರ್ ಕರೆಯುವ ಕೋಡ್ ಇದ್ದರೆ ತೆಗೆಯಿರಿ. ಎರಡು ಸಿಪಿಯು ಒಟ್ಟಿಗೇ "ಇಲ್ಲ" ಎಂದು ನೋಡಿ ಎರಡೂ ಹಚ್ಚಲು ಹೋಗುತ್ತವೆ. ಆಗಲೇ ಪಾಳಿಯಲ್ಲಿರುವ ಟೈಮರಿಗೆ ಆ್ಯಡ್_ಟೈಮರ್ ಕರೆಯುವುದು ತಪ್ಪು. ಸುಮ್ನೆ ಮಾಡ್_ಟೈಮರ್ ಕರೆಯಿರಿ. ಪಾಳಿಯಲ್ಲಿದ್ದರೆ ಹೊತ್ತು ಬದಲಿಸುತ್ತದೆ, ಇಲ್ಲದಿದ್ದರೆ ಸೇರಿಸುತ್ತದೆ, ಎರಡೂ ಒಂದೇ ಬೀಗದ ಕೆಳಗೆ.

8. ಕಾಯಲು ಆಗದಿದ್ದರೆ ಲೆಕ್ಕ ಇಡಿ

ಕೆಲವು ಕಡೆ ಸಿಂಕ್ ಕರೆಯಲು ಸಾಧ್ಯವೇ ಇಲ್ಲ. ಬೀಗ ಬಿಡುವಂತಿಲ್ಲ, ಅಥವಾ ನೀವೇ ಇಂಟರಪ್ಟ್ ಒಳಗಿದ್ದೀರಿ. ಆಗ ರೆಫರೆನ್ಸ್ ಕೌಂಟ್ ಇಡಬೇಕು, ಅಂದರೆ ಈ ಮೆಮೊರಿಯನ್ನು ಎಷ್ಟು ಜನ ಹಿಡಿದಿದ್ದಾರೆ ಎಂಬ ಎಣಿಕೆ. ಪಾಳಿಯಲ್ಲಿರುವ ಟೈಮರ್ ಕೂಡ ಒಬ್ಬ ಹಿಡಿದವನು. ಕೊನೆಯವನು ಬಿಟ್ಟಾಗ ಮೆಮೊರಿ ಫ್ರೀ.

ಇಲ್ಲಿ ರಿಟರ್ನ್ ಮೌಲ್ಯಗಳೇ ಪ್ರಾಣ. ಮಾಡ್_ಟೈಮರ್ 0 ಕೊಟ್ಟರೆ ಟೈಮರ್ ಹೊಸದಾಗಿ ಪಾಳಿಗೆ ಸೇರಿತು, 1 ಕೊಟ್ಟರೆ ಆಗಲೇ ಇತ್ತು. ಎಣಿಕೆಯನ್ನು ಮೊದಲು ಏರಿಸಿ, ಆಮೇಲೆ ಮಾಡ್_ಟೈಮರ್ ಕರೆದು, 1 ಬಂದರೆ ಏರಿಸಿದ್ದನ್ನು ವಾಪಸ್ ಇಳಿಸಿ. ಉಲ್ಟಾ ಮಾಡಿದರೆ, ಅಂದರೆ ಹಚ್ಚಿ ಆಮೇಲೆ ಏರಿಸಿದರೆ, ನಡುವಿನ ಕ್ಷಣದಲ್ಲಿ ಬೇರೆ ಸಿಪಿಯುನಲ್ಲಿ ಕಾಲ್‌ಬ್ಯಾಕ್ ಓಡಿ ಮುಗಿದು ಎಣಿಕೆಯನ್ನು ಸೊನ್ನೆಗೆ ತರಬಹುದು. ಕಾಲ್‌ಬ್ಯಾಕ್ ತನ್ನ ಕೊನೆಯ ಸಾಲಿನಲ್ಲಿ ಒಂದು ಇಳಿಸಲಿ. ಟೈಮರ್_ಡಿಲೀಟ್ 1 ಕೊಟ್ಟರೆ ಪಾಳಿಯಿಂದ ತೆಗೆದವರು ನೀವು, ಅದರ ಪಾಲಿನದನ್ನು ನೀವೇ ಇಳಿಸಿ. 0 ಕೊಟ್ಟರೆ ಮುಟ್ಟಬೇಡಿ, ಕಾಲ್‌ಬ್ಯಾಕ್ ಇಳಿಸುತ್ತದೆ ಅಥವಾ ಆಗಲೇ ಇಳಿಸಿದೆ.

ಒಂದು ಮಾತು ಮರೆಯಬೇಡಿ. ಎಣಿಕೆ ಕಾಯುವುದು ಮೆಮೊರಿಯನ್ನು, ಮಾಡ್ಯೂಲಿನ ಕೋಡನ್ನು ಅಲ್ಲ. ಮಾಡ್ಯೂಲ್ ಹೊರಹೋಗುವ ಮುನ್ನ ಎಲ್ಲ ಕಾಲ್‌ಬ್ಯಾಕ್ ಮುಗಿದಿರಲೇಬೇಕು. ಅಲ್ಲಿ ಸಿಂಕ್ ತಪ್ಪಿಸಲಾಗದು.

9. ಎಚ್‌ಆರ್‌ಟೈಮರ್, ಆರ್‌ಟಿ ಕರ್ನಲ್

ಸೂಕ್ಷ್ಮ ಹೊತ್ತಿಗೆ ಬಳಸುವ ಎಚ್‌ಆರ್‌ಟೈಮರ್ 2006ರಲ್ಲಿ, 2.6.16ರೊಂದಿಗೆ ಬಂತು. ಪ್ರಶ್ನೆಗಳು ಅವೇ ಮೂರು. ಎಚ್‌ಆರ್‌ಟೈಮರ್_ಕ್ಯಾನ್ಸಲ್ ಕಾಯುತ್ತದೆ. ಎಚ್‌ಆರ್‌ಟೈಮರ್_ಟ್ರೈ_ಟು_ಕ್ಯಾನ್ಸಲ್ ಕಾಯದೆ, ಓಡುತ್ತಿದ್ದರೆ -1 ಕೊಡುತ್ತದೆ. ಇದರ ಕಾಲ್‌ಬ್ಯಾಕ್ ಸಾಮಾನ್ಯವಾಗಿ ಹಾರ್ಡ್ ಇಂಟರಪ್ಟ್‌ನಲ್ಲೇ ಓಡುವುದರಿಂದ ಬಿಎಚ್ ಬೀಗ ಸಾಲದು, ಐಆರ್‌ಕ್ಯೂಸೇವ್ ಬೇಕು.

ಯಂತ್ರ ನಡೆಸುವವರು ಆರ್‌ಟಿ (ರಿಯಲ್ ಟೈಮ್, ಹೊತ್ತಿಗೆ ಸರಿಯಾಗಿ ಕೆಲಸ ಮಾಡುವ) ಕರ್ನಲ್ ಕಡೆ ಹೋಗುತ್ತಿದ್ದೀರಿ, ಅದು 2024ರಲ್ಲಿ 6.12ರೊಂದಿಗೆ ಮುಖ್ಯ ಕರ್ನಲ್ಲಿಗೇ ಸೇರಿದೆ. ಅಲ್ಲಿ ಕಾಲ್‌ಬ್ಯಾಕ್ ಒಂದು ಥ್ರೆಡ್‌ನಲ್ಲಿ ಓಡುತ್ತದೆ, ಸಿಂಕ್ ನಿದ್ದೆಗೆ ಹೋಗಬಹುದು. ರಾ ಸ್ಪಿನ್‌ಲಾಕ್ (ಆರ್‌ಟಿಯಲ್ಲೂ ನಿದ್ದೆ ಮಾಡಿಸದ ಬೀಗ) ಹಿಡಿದು ಸಿಂಕ್ ಕರೆಯುವ ಕೋಡ್ ಅಲ್ಲಿ ನಡೆಯುವುದಿಲ್ಲ. 1ನೇ ಹಂತದಲ್ಲಿ ಹೇಳಿದ "ಒಂದೇ ಸಿಪಿಯು ಆದರೆ ಕಾಣುವುದಿಲ್ಲ" ಎಂಬ ಮಾತೂ ಆರ್‌ಟಿಗೆ ಹೊಂದುವುದಿಲ್ಲ.

ರೇಸ್ ಅಲ್ಲದ ಒಂದು ತಪ್ಪು ರೇಸಿನ ವೇಷದಲ್ಲಿ ಬರುತ್ತದೆ. 32 ಬಿಟ್ ಬೋರ್ಡ್ ಶುರುವಾಗಿ ಸರಿಯಾಗಿ 5 ನಿಮಿಷಕ್ಕೆ ಟೈಮರ್ ಲೆಕ್ಕ ಕೆಟ್ಟರೆ, ಜಿಫಿಗಳನ್ನು ನೇರವಾಗಿ ಹೆಚ್ಚು, ಕಡಿಮೆ ಎಂದು ಹೋಲಿಸಿದ್ದೀರಾ ನೋಡಿ. 1000 ಜಿಫಿಯ ಕರ್ನಲ್ಲಿನಲ್ಲಿ 32 ಬಿಟ್ ಎಣಿಕೆ 49.7 ದಿನಕ್ಕೆ ತುಂಬಿ ಸೊನ್ನೆಗೆ ಬರುತ್ತದೆ. ಇಂಥ ತಪ್ಪು ಬೇಗ ಸಿಗಲಿ ಎಂದೇ ಕರ್ನಲ್ ಎಣಿಕೆಯನ್ನು ಆ ಅಂಚಿಗೆ 5 ನಿಮಿಷ ಮೊದಲಿನಿಂದ ಶುರು ಮಾಡುತ್ತದೆ. ಈ ಸುತ್ತನ್ನು ಲೆಕ್ಕಕ್ಕೆ ಹಿಡಿದು ಹೋಲಿಸುವ ಟೈಮ್_ಆಫ್ಟರ್ ಬಳಸಿದರೆ ಮುಗಿಯಿತು.

10. ಸರಿಹೋಯಿತು ಎಂದು ಸಾಬೀತು ಮಾಡಿ

ಎಂಡಿಲೇ ಇಟ್ಟುಕೊಂಡೇ ರಾತ್ರಿಯಿಡೀ ಲೂಪ್ ಓಡಿಸಿ. ಆಮೇಲೆ ತೆಗೆದು ಇನ್ನೊಂದು ರಾತ್ರಿ. ಮೂರನೇ ಸಲ, ಲೂಪ್ ಓಡುತ್ತಿರುವಾಗಲೇ ಒಂದು ಸಿಪಿಯುವನ್ನು ಆಫ್‌ಲೈನ್ ಮಾಡಿ ಮತ್ತೆ ಆನ್ ಮಾಡುತ್ತಿರಿ. ಆಫ್ ಆದ ಸಿಪಿಯುವಿನ ಟೈಮರ್‌ಗಳು ಬೇರೆ ಸಿಪಿಯುಗೆ ಹೋಗುತ್ತವೆ, ಅಡಗಿದ ತಪ್ಪುಗಳು ಆಗ ಹೊರಬರುತ್ತವೆ. ಕೊನೆಗೆ ಕೆಸಿಎಸ್‌ಎಎನ್ ಬಿಲ್ಡ್‌ನಲ್ಲಿ ಒಂದು ಸುತ್ತು. ಅದು ದೂರಿದ ಜಾಗಕ್ಕೆಲ್ಲ ರೀಡ್_ಒನ್ಸ್ (ಬೀಗವಿಲ್ಲದ ಓದು ಬೇಕೆಂದೇ ಮಾಡಿದ್ದು ಎಂಬ ಗುರುತು) ಅಂಟಿಸಿ ಬಾಯಿ ಮುಚ್ಚಿಸಬೇಡಿ. ಅಲ್ಲಿ ಬೀಗ ಬೇಕಿತ್ತೇ ಎಂದು ಮೊದಲು ಯೋಚಿಸಿ.

ಪ್ಯಾಚ್ ಬರೆಯುವಾಗ 3ನೇ ಹಂತದ ಹಾಳೆ ತೆಗೆಯಿರಿ. ಸಿಪಿಯು 0, ಸಿಪಿಯು 1 ಎಂಬ ಎರಡು ಸಾಲಿನ ಚಿತ್ರವನ್ನು ಹಾಗೆಯೇ ಕಮಿಟ್ ಸಂದೇಶದಲ್ಲಿ ಹಾಕಿ. ಅದರ ಕೆಳಗೆ ಕೆಎಎಸ್‌ಎಎನ್ ಲಾಗಿನ ಮುಖ್ಯ ಸಾಲುಗಳು, ತಪ್ಪು ಯಾವ ಕಮಿಟ್‌ನಿಂದ ಬಂತು ಎಂಬ ಫಿಕ್ಸಸ್ ಸಾಲು. ಯಾರಿಗೆ ಕಳಿಸಬೇಕು ಎಂದು ಕರ್ನಲ್ ಸೋರ್ಸಿನ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುವ ಗೆಟ್_ಮೇಂಟೇನರ್ ಹೇಳುತ್ತದೆ.